ವಾರ್ನರ್ ಬ್ರದರ್ಸ್ ಯಾಕೆ ಮಾರಾಟಕ್ಕೆ ಬಂತು? ಕೇಬಲ್ ವ್ಯವಹಾರ ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ

ಸೀನ, ಎಸ್.ಎಸ್.ಪುರಂ

2025ರ ಡಿಸೆಂಬರ್ 5ಕ್ಕೆ ನೆಟ್‌ಫ್ಲಿಕ್ಸ್‌ನವರು ವಾರ್ನರ್ ಬ್ರದರ್ಸ್ ಕೊಂಡ್ಕೊಳ್ಳೋಕೆ ಒಪ್ಪಂದ ಮಾಡ್ಕೊಂಡ್ರು. ಸಾಲವೂ ಸೇರಿ 8,270 ಕೋಟಿ ಡಾಲರ್. ಅದಾಗಿ ಮೂರೇ ದಿನಕ್ಕೆ ಇನ್ನೊಂದು ಸ್ಟುಡಿಯೊ ಪ್ಯಾರಾಮೌಂಟ್‌ನವರು 10,840 ಕೋಟಿ ಡಾಲರ್ ಲೆಕ್ಕದ ಆಫರ್ ಹಿಡ್ಕೊಂಡು ನೇರ ಷೇರುದಾರರ ಬಾಗಿಲಿಗೇ ಹೋದ್ರು. ವಾರ್ನರ್ 1923ರಲ್ಲಿ ಶುರುವಾದ ಸ್ಟುಡಿಯೊ, ಹರಾಜಿಗಿಟ್ಟ ಹಾಗಾಯ್ತು.

ನನ್ನ ತಲೆಗೆ ಹತ್ತದೇ ಇರೋದು ಒಂದೇ. 2025ರಲ್ಲಿ ವಾರ್ನರ್ ಸಿನಿಮಾಗಳು ಸಾಲಾಗಿ ಗೆದ್ದಿವೆ. ಒಂದರ ಹಿಂದೆ ಒಂದು ಏಳು ಸಿನಿಮಾ ಅಮೆರಿಕದಲ್ಲಿ ಮೊದಲ ವಾರಾಂತ್ಯಕ್ಕೇ 4 ಕೋಟಿ ಡಾಲರ್ ದಾಟಿವೆ. ಓಡೋ ಸಿನಿಮಾ ಮಾಡೋ ಕಂಪನಿ ಮಾರಾಟಕ್ಕೆ ಬರೋದು ಯಾಕೆ? ಇನ್ನೊಂದು, ನೆಟ್‌ಫ್ಲಿಕ್ಸ್‌ಗೆ ಅವರ ಟೀವಿ ಚಾನೆಲ್ ಬೇಡವಂತೆ, ಪ್ಯಾರಾಮೌಂಟ್‌ಗೆ ಚಾನೆಲ್ ಸಮೇತ ಎಲ್ಲಾ ಬೇಕಂತೆ. ಇದ್ಯಾವ ಲೆಕ್ಕ?

ವಿನಯ್_ಕ್ಯಾತ್ಸಂದ್ರ

ನೆಟ್‌ಫ್ಲಿಕ್ಸ್ ರೇಟ್ ಜಾಸ್ತಿ ಮಾಡುತ್ತೆ. ನಾವು ಬೈಕೊಂಡು ಕಟ್ತೀವಿ. ಚರ್ಚೆ ಮುಗೀತು, ಎಲ್ಲರೂ ತಟ್ಟೆ ಇಡ್ಲಿ ತಿನ್ನೋಕೆ ಬನ್ನಿ.

ಕೇಬಲ್ ಬಾಬಣ್ಣ

ಸೀನ, ನಾನು ಹಾಲಿವುಡ್ ಕಂಡೋನಲ್ಲ, ಆದ್ರೆ ಈ ಕಾಯಿಲೆ ಕಂಡೋನು. ಶೆಟ್ಟಿಹಳ್ಳಿ ಸುತ್ತಮುತ್ತ ತೊಂಬತ್ತರ ದಶಕದಿಂದ ಲೈನ್ ಎಳೀತಾ ಇದೀನಿ. ತಾರಸಿ ಮೇಲೆ ದೊಡ್ಡ ಡಿಶ್ ಕೂರಿಸಿ, ಕಂಬದಿಂದ ಕಂಬಕ್ಕೆ ಕಪ್ಪು ವೈರ್ ಹಾಯಿಸಿ, ಆಂಪ್ಲಿಫೈಯರ್ ಡಬ್ಬಕ್ಕೆ ಯಾರದೋ ಮನೆ ಕರೆಂಟು ಬೇಡಿಕೊಂಡು ಮಾಡಿದ ಕಸುಬು.

ಈ ಕಸುಬಲ್ಲಿ ದುಡ್ಡು ಹುಟ್ತಿದ್ದುದು ಚಾನೆಲ್ ನೋಡೋರಿಂದಲ್ಲ ಕಣಯ್ಯ, ನೋಡದೇ ಇರೋರಿಂದ. ಊರಹಬ್ಬಕ್ಕೆ ಮನೆಮನೆಗೂ ವಂತಿಗೆ ಹಾಕ್ತಾರಲ್ಲ, ತೇರು ಎಳೆಯೋಕೆ ಬರಲಿ ಬಿಡಲಿ ಕೊಡಲೇಬೇಕು, ಹಂಗೆ. ನಿಮ್ಮಜ್ಜಿ ಕ್ರಿಕೆಟ್ ನೋಡಲ್ಲ, ಆದ್ರೂ ಸ್ಪೋರ್ಟ್ಸ್ ಚಾನೆಲ್‌ಗೆ ಕಟ್ತಿದ್ರು. ನೀನು ಸೀರಿಯಲ್ ನೋಡಲ್ಲ, ಆದ್ರೂ ಕಟ್ತಿದ್ದೆ.

2019ರ ಫೆಬ್ರವರಿಯಲ್ಲಿ ಟ್ರಾಯ್, ಅಂದ್ರೆ ಟೆಲಿಕಾಂ ನಿಯಂತ್ರಣ ಪ್ರಾಧಿಕಾರದ ಹೊಸ ನಿಯಮ ಬಂತು. 100 ಚಾನೆಲ್‌ಗೆ 130 ರೂಪಾಯಿ, ಜಿಎಸ್‌ಟಿ ಸೇರಿ 153 ಚಿಲ್ಲರೆ, ಅದರ ಮೇಲೆ ನಿಮಗೆ ಬೇಕಾದ ಪೇ ಚಾನೆಲ್ ನೀವೇ ಆರಿಸ್ಕೊಳ್ಳಿ ಅಂತ. ಫಾರಂ ಹಿಡ್ಕೊಂಡು ಮನೆಮನೆ ತಿರುಗಿದೆ. ಜನ ಮನಸ್ಸಾರೆ ಟಿಕ್ ಹಾಕಿದ್ದು ಏಳೆಂಟು ಚಾನೆಲ್ ಮೀರಲಿಲ್ಲ. ಎರಡು ಮೂರು ಕನ್ನಡ ಸೀರಿಯಲ್ ಚಾನೆಲ್ಲು, ಒಂದು ಸಿನಿಮಾ, ಒಂದು ನ್ಯೂಸು, ಮಕ್ಕಳಿರೋ ಮನೇಲಿ ಕಾರ್ಟೂನು. ಇಂಗ್ಲಿಷ್ ಸಿನಿಮಾ ಚಾನೆಲ್ ಬೇಕು ಅಂದೋರು ಇಡೀ ಬೀದಿಗೆ ಒಬ್ಬರು ಸಿಕ್ಕಿದ್ರೆ ಹೆಚ್ಚು, ಅವರೂ ಬ್ಯಾಂಕ್ ಮ್ಯಾನೇಜರು, ವರ್ಗ ಆಗಿ ಹೋದ್ರು. ಆದ್ರೆ ಚಾನೆಲ್‌ನೋರು ಬುದ್ಧಿವಂತರು. ಬಿಡಿ ತಗೊಂಡ್ರೆ ಒಳ್ಳೇ ಚಾನೆಲ್ ಒಂದಕ್ಕೇ 19 ರೂಪಾಯಿ, ಬೊಕೆ, ಅಂದ್ರೆ ಚಾನೆಲ್‌ಗಳ ಗೊಂಚಲು, ತಗೊಂಡ್ರೆ ಅದರ ಜೊತೆ ಬೇಡದ್ದು ಹತ್ತು ಸೇರಿಸಿ ಸ್ವಲ್ಪವೇ ಜಾಸ್ತಿ. ಕೊನೆಗೆ ಎಲ್ಲರೂ ಬೊಕೆಗೇ ಬಂದ್ರು.

ಈಗ ಆ ವಂತಿಗೆ ನಿಂತೋಯ್ತು. ಸ್ಮಾರ್ಟ್ ಟೀವಿ ಬಂದ ಮನೆ ಬಾಕ್ಸ್ ವಾಪಸ್ ಕೊಡ್ತಿದೆ. ನನ್ನ ಹಳೇ ಕನೆಕ್ಷನ್‌ನಲ್ಲಿ ಅರ್ಧಕ್ಕರ್ಧ ಇಲ್ಲ. ಅಮೆರಿಕದಲ್ಲೂ ಇದೇ ಆಗಿರಬೇಕು. ಅಂಕಿಸಂಖ್ಯೆ ಮೇಷ್ಟ್ರು ಹೇಳ್ತಾರೆ, ಕರೀರಿ ಅವರನ್ನ.

ಕಾಮರ್ಸ್ ಮೇಷ್ಟ್ರು

ಬಂದೆ. ಬಾಬಣ್ಣ ಅರ್ಧ ಪಾಠ ಮಾಡಿ ಮುಗಿಸಿದ್ದಾರೆ.

ಅಮೆರಿಕದಲ್ಲಿ ವಂತಿಗೆಯ ದೊಡ್ಡ ಪಾಲುದಾರ ಇಎಸ್‌ಪಿಎನ್, ಡಿಸ್ನಿಯ ಸ್ಪೋರ್ಟ್ಸ್ ಚಾನೆಲ್. 2011ರ ಹೊತ್ತಿಗೆ ಅದು 10 ಕೋಟಿ ಮನೆಗಳಲ್ಲಿತ್ತು. ಆಟ ನೋಡಲಿ ಬಿಡಲಿ, ಕೇಬಲ್ ಹಾಕಿಸಿದ ಪ್ರತಿ ಮನೆಯಿಂದಲೂ ತಿಂಗಳಿಗಿಷ್ಟು ಡಾಲರ್ ಅವರಿಗೆ ಹೋಗುತ್ತಿತ್ತು. ಈಗ ಆ ಮನೆಗಳು 7 ಕೋಟಿಗಿಂತ ಕಡಿಮೆ. 2025ರ ಆಗಸ್ಟ್‌ನಲ್ಲಿ ಅವರು ಕೇಬಲ್ ಇಲ್ಲದವರಿಗೂ ಆ್ಯಪ್‌ನಲ್ಲಿ ನೇರವಾಗಿ ಕೊಡಲು ಶುರುಮಾಡಿದರು. ಆಗಿನ ಬೆಲೆ ತಿಂಗಳಿಗೆ 29.99 ಡಾಲರ್. ನೋಡದವರ ದುಡ್ಡು ತಪ್ಪಿದ ಮೇಲೆ ನೋಡುವವರು ಎಷ್ಟು ಕೊಡಬೇಕಾಗುತ್ತದೆ ಎನ್ನುವುದು ಆ ಒಂದು ಬೆಲೆಯಲ್ಲೇ ಕಾಣುತ್ತದೆ.

ಸೀನ, ನಿನ್ನ ಪ್ರಶ್ನೆಗೆ ಬರುತ್ತೇನೆ. ದೊಡ್ಡ ಸ್ಟುಡಿಯೊ ಎಂದರೆ ನಾವು ಸಿನಿಮಾ ಎಂದುಕೊಳ್ಳುತ್ತೇವೆ. ಲೆಕ್ಕಪುಸ್ತಕ ತೆಗೆದು ನೋಡಿದರೆ ಮೂವತ್ತು ವರ್ಷ ಮನೆ ನಡೆಸಿದ್ದು ಕೇಬಲ್ ಚಾನೆಲ್‌ಗಳು. ಸಿನಿಮಾ ಒಂದು ವರ್ಷ ಗೆಲ್ಲುತ್ತದೆ, ಒಂದು ವರ್ಷ ಮಕಾಡೆ ಮಲಗುತ್ತದೆ. ಕೇಬಲ್ ದುಡ್ಡು ಮಾತ್ರ ತಿಂಗಳು ತಿಂಗಳು ತಪ್ಪದೆ ಬರುತ್ತಿತ್ತು. ಆ ಧೈರ್ಯದ ಮೇಲೆಯೇ ದೊಡ್ಡ ಬಜೆಟ್ಟಿನ ಸಿನಿಮಾಗೆ ಕೈ ಹಾಕುತ್ತಿದ್ದರು, ಬ್ಯಾಂಕಿನಲ್ಲಿ ಸಾಲವನ್ನೂ ಎತ್ತುತ್ತಿದ್ದರು.

ವಾರ್ನರ್ ಕಥೆಯಲ್ಲಿ ಸಾಲವೇ ಖಳನಾಯಕ. 2018ರಲ್ಲಿ ಎಟಿ ಅಂಡ್ ಟಿ ಎಂಬ ಫೋನ್ ಕಂಪನಿ ಟೈಮ್ ವಾರ್ನರ್ ಅನ್ನು ಸುಮಾರು 8,500 ಕೋಟಿ ಡಾಲರ್‌ಗೆ ಕೊಂಡಿತು. ನಾಲ್ಕು ವರ್ಷಕ್ಕೆ ಕೈಸೋತು, 2022ರ ಏಪ್ರಿಲ್‌ನಲ್ಲಿ ಡಿಸ್ಕವರಿ ಜೊತೆ ಸೇರಿಸಿ ಕೈತೊಳೆದುಕೊಂಡಿತು. ಹೋಗುವಾಗ ತನ್ನ ಸಾಲದ ದೊಡ್ಡ ಗಂಟನ್ನು ಹೊಸ ಕಂಪನಿಯ ತಲೆ ಮೇಲೆ ಹೊರಿಸಿತು. ಸುಮಾರು 5,500 ಕೋಟಿ ಡಾಲರ್ ಸಾಲದೊಂದಿಗೆ ಹುಟ್ಟಿದ ಕೂಸು ವಾರ್ನರ್ ಬ್ರದರ್ಸ್ ಡಿಸ್ಕವರಿ. ತೀರಿಸಬೇಕಾದ್ದು ಯಾವುದರಿಂದ? ವರ್ಷ ವರ್ಷ ಕರಗುತ್ತಿರುವ ಕೇಬಲ್ ಆದಾಯದಿಂದ.

2024ರ ಆಗಸ್ಟ್‌ನಲ್ಲಿ ಅವರು ತಮ್ಮ ಚಾನೆಲ್‌ಗಳ ಬೆಲೆಯನ್ನು ಪುಸ್ತಕದಲ್ಲಿ 910 ಕೋಟಿ ಡಾಲರ್ ಇಳಿಸಿ ಬರೆದರು. ಅದೇ ವಾರ ಪ್ಯಾರಾಮೌಂಟ್ ಕೂಡ ಸುಮಾರು 600 ಕೋಟಿ ಡಾಲರ್ ಇಳಿಸಿತು. ಕ್ಲಾಸಿನಲ್ಲಿ ಇದನ್ನೇ 'ಗುಡ್‌ವಿಲ್ ಇಂಪೇರ್‌ಮೆಂಟ್' ಎಂದರೆ ಹುಡುಗರು ಆಕಳಿಸುತ್ತಾರೆ. ಈ ಉದಾಹರಣೆ ಕೊಟ್ಟ ದಿನ ಯಾರೂ ಆಕಳಿಸಲಿಲ್ಲ.

ಸೀನ, ಎಸ್.ಎಸ್.ಪುರಂ

ಹಾಗಾದ್ರೆ ಸಿನಿಮಾ ಅಲ್ಲ, ಚಾನೆಲ್ ಮುಳುಗ್ತಾ ಇರೋದು. ಅದಕ್ಕೇ ನೆಟ್‌ಫ್ಲಿಕ್ಸ್‌ಗೆ ಚಾನೆಲ್ ಬೇಡ. ಮತ್ತೆ ಪ್ಯಾರಾಮೌಂಟ್‌ಗೆ ಯಾಕಂತೆ?

ಕಾಮರ್ಸ್ ಮೇಷ್ಟ್ರು

ಪ್ಯಾರಾಮೌಂಟ್ ಕೈಯಲ್ಲಿ ಈಗಾಗಲೇ ಸಿಬಿಎಸ್, ಎಂಟಿವಿ, ನಿಕೆಲೋಡಿಯನ್ ಚಾನೆಲ್‌ಗಳಿವೆ. ಕರಗುವ ವ್ಯಾಪಾರವಾದರೂ ಇನ್ನೂ ಲಾಭದಲ್ಲಿದೆ ಎನ್ನುವುದನ್ನು ಮರೆಯಬೇಡ. ಎರಡು ಕಡೆಯವನ್ನು ಒಟ್ಟು ಹಾಕಿ, ಆಫೀಸು, ಜಾಹೀರಾತು ವಿಭಾಗ, ಸುದ್ದಿ ವಿಭಾಗ ಎಲ್ಲ ಒಂದೊಂದೇ ಇಟ್ಟು ಖರ್ಚು ಕಡಿದರೆ ಇನ್ನಷ್ಟು ವರ್ಷ ಹಾಲು ಕರೆಯಬಹುದು ಎಂಬ ಲೆಕ್ಕ. ಆ ಪ್ಯಾರಾಮೌಂಟೇ 2025ರ ಆಗಸ್ಟ್ 7ಕ್ಕೆ ಡೇವಿಡ್ ಎಲಿಸನ್‌ರ ಸ್ಕೈಡಾನ್ಸ್ ಎಂಬ ನಿರ್ಮಾಣ ಕಂಪನಿಯ ಪಾಲಾಯಿತು. ಕೊಂಡು ವರ್ಷ ತುಂಬುವ ಮೊದಲೇ ಇನ್ನೊಂದನ್ನು ನುಂಗಲು ಹೊರಟರು.

ಅಮೆರಿಕದ ದೊಡ್ಡ ಕೇಬಲ್ ಕಂಪನಿ ಕಾಮ್‌ಕಾಸ್ಟ್‌ನವರದ್ದು ತದ್ವಿರುದ್ಧ ದಾರಿ. ಯೂನಿವರ್ಸಲ್ ಸ್ಟುಡಿಯೊ ಅವರದ್ದೇ. ತಮ್ಮ ಬಹುತೇಕ ಕೇಬಲ್ ಚಾನೆಲ್‌ಗಳನ್ನು ವರ್ಸಂಟ್ ಎಂಬ ಬೇರೆ ಕಂಪನಿ ಮಾಡಿ ಹೊರಗೆ ಕಳಿಸುತ್ತೇವೆ ಎಂದು 2024ರ ನವೆಂಬರ್‌ನಲ್ಲೇ ಹೇಳಿದರು. ಸ್ಟುಡಿಯೊ, ಎನ್‌ಬಿಸಿ, ಪೀಕಾಕ್ ಆ್ಯಪ್, ಎಲ್ಲಕ್ಕಿಂತ ಮುಖ್ಯವಾಗಿ ಬ್ರಾಡ್‌ಬ್ಯಾಂಡ್ ವೈರು, ಇಷ್ಟನ್ನು ತಮ್ಮಲ್ಲೇ ಇಟ್ಟುಕೊಂಡರು.

ಕೇಬಲ್ ಬಾಬಣ್ಣ

ನೋಡಿ, ಇದು ಮಾತು. ವೈರ್ ಇಟ್ಕೊಂಡ್ರು, ಚಾನೆಲ್ ಬಿಟ್ರು. ನಾನೂ ಅದನ್ನೇ ಮಾಡಿದ್ದು, ನನಗ್ಯಾರೂ ಪೇಪರ್‌ನಲ್ಲಿ ಹಾಕ್ಲಿಲ್ಲ ಅಷ್ಟೆ.

ಕೋಆಕ್ಸಿಯಲ್ ಅನ್ನೋ ಹಳೇ ಕಪ್ಪು ವೈರ್ ಕಿತ್ತು ಫೈಬರ್ ಎಳ್ದೆ. ಮೊದಲು ಫೋನ್ ಬರ್ತಿದ್ದುದು 'ಬಾಬಣ್ಣ, ಸೀರಿಯಲ್ ಟೈಮಿಗೆ ಸರಿಯಾಗಿ ಚಾನೆಲ್ ಹೋಯ್ತು' ಅಂತ. ಈಗ 'ಬಾಬಣ್ಣ, ಡಬ್ಬದಲ್ಲಿ ಕೆಂಪ್ ಲೈಟ್ ಮಿಣಮಿಣ ಅಂತಿದೆ' ಅಂತ. ಕೆಂಪ್ ಲೈಟ್ ಅಂದ್ರೆ ಬೆಳಕು ಬರ್ತಿಲ್ಲ, ಎಲ್ಲೋ ಫೈಬರ್ ಕಟ್ ಆಗಿದೆ. ಒಂದೋ ಅಳಿಲು ಕಡಿದಿರುತ್ತೆ, ಇಲ್ಲಾ ರಸ್ತೆ ಅಗೆಯೋ ಜೆಸಿಬಿ. ಸ್ಪ್ಲೈಸಿಂಗ್ ಮಿಷಿನ್ ಬ್ಯಾಗ್‌ಗೆ ಹಾಕ್ಕೊಂಡು ಸ್ಕೂಟರ್ ಹತ್ತೋದು. ಕೂದಲೆಳೆಯಷ್ಟು ಗಾಜಿನ ದಾರದ ಸಿಪ್ಪೆ ಸುಲಿದು, ಸ್ಪಿರಿಟ್‌ನಲ್ಲಿ ಒರೆಸಿ, ಎರಡು ತುದಿ ಎದುರುಬದುರು ಇಟ್ಟು ಮುಚ್ಚಳ ಹಾಕಿದ್ರೆ ಮಿಷಿನ್ನೇ ಕಿಡಿ ಕೊಟ್ಟು ಬೆಸೆಯುತ್ತೆ. ಮಳೆ ಬರ್ತಿದ್ರೆ ಛತ್ರಿ ಹಿಡಿಯೋಕೆ ಒಬ್ಬ ಹುಡುಗ ಬೇಕೇ ಬೇಕು.

ಟೀವಿಯಿಂದ ಹೋದ ದುಡ್ಡು ಅಲ್ಪಸ್ವಲ್ಪ ಹಿಂಗೆ ವಾಪಸ್ ಬಂತು. ಅದಕ್ಕೂ ಈಗ ಕಣ್ಣು ಬಿದ್ದಿದೆ, ವೈರೇ ಇಲ್ಲದೆ ತಾರಸಿ ಮೇಲೆ 5ಜಿ ಡಬ್ಬ ಇಟ್ಟು ನೆಟ್ ಕೊಡೋರು ಬಂದಿದ್ದಾರೆ. ಡಬ್ಬದ ಜೊತೆ ಹತ್ತು ಹನ್ನೆರಡು ಓಟಿಟಿ ಆ್ಯಪ್ ಪುಕ್ಕಟೆ.

ವಿನಯ್_ಕ್ಯಾತ್ಸಂದ್ರ

ಹತ್ತು ಹನ್ನೆರಡು ಆ್ಯಪ್‌ನಲ್ಲಿ ನೀವು ತೆಗೆಯೋದು ಎರಡು. ಮತ್ತೆ ಬೊಕೆನೇ ಬಂತಲ್ಲ ಗುರು!

ಕಾಮರ್ಸ್ ಮೇಷ್ಟ್ರು

ವಿನಯ್ ಇಡ್ಲಿ ತಿಂದು ಬಂದ ಮೇಲೆ ತಲೆ ಓಡುತ್ತಿದೆ. ಹೌದು, ಅಲ್ಲೂ ಅದೇ. 2024ರ ಜುಲೈನಲ್ಲಿ ಡಿಸ್ನಿಯ ಡಿಸ್ನಿ ಪ್ಲಸ್, ಹುಲು, ವಾರ್ನರ್‌ನ ಮ್ಯಾಕ್ಸ್, ಈ ಮೂರೂ ಆ್ಯಪ್‌ಗಳನ್ನು ಸೇರಿಸಿ ಒಂದೇ ಪ್ಯಾಕ್ ಮಾಡಿ ಮಾರಿದರು. ಡಿಸ್ನಿ ಮತ್ತು ವಾರ್ನರ್, ನೂರು ವರ್ಷದ ಪೈಪೋಟಿಯವರು, ಒಂದೇ ಬಿಲ್ಲಿನಲ್ಲಿ. ಚಂದಾದಾರರು ಒಂದು ಸೀರೀಸ್ ಮುಗಿಸಿ ಆ್ಯಪ್ ಕ್ಯಾನ್ಸಲ್ ಮಾಡಿ ಇನ್ನೊಂದಕ್ಕೆ ಹಾರುತ್ತಾರಲ್ಲ, ಅದು ಇವರಿಗೆ ದೊಡ್ಡ ತಲೆನೋವು. ಕೇಬಲ್ ಕಾಲದಲ್ಲಿ ಲೈನ್ ಕಟ್ ಮಾಡಿಸಬೇಕೆಂದರೆ ಬಾಬಣ್ಣನಂಥವರ ಮುಖ ನೋಡಬೇಕಿತ್ತು. ಈಗ ಬೆರಳಾಡಿಸಿದರೆ ಸಾಕು.

ಕೇಬಲ್ ಬಾಬಣ್ಣ

ನನ್ನ ಮುಖಕ್ಕೇನಾಗಿದೆ ಮೇಷ್ಟ್ರೇ 😀

ಬಾಲ್ಕನಿ ರಾಜು

ನೀವೆಲ್ಲ ಕೇಬಲ್ ಕೇಬಲ್ ಅಂತೀರ, ಥಿಯೇಟರ್ ಬಗ್ಗೆ ಯಾರೂ ಬಾಯಿ ಬಿಡ್ತಿಲ್ಲ. ನಾನು ಟಿಕೆಟ್ ಕೌಂಟರ್, ಪ್ರೊಜೆಕ್ಟರ್ ರೂಮು ಎರಡೂ ಕಂಡೋನು. ಮೊದಲು ಗಾಂಧಿನಗರದಿಂದ ಸಿನಿಮಾ ಪೆಟ್ಟಿಗೆ ಬಸ್ ಮೇಲೆ ಬರ್ತಿತ್ತು. ರೀಲು ಬಿಚ್ಚಿ, ಹರಿದ ಕಡೆ ಅಂಟಿಸಿ ಓಡಿಸ್ತಿದ್ವಿ. ಈಗ ಸಿನಿಮಾ ಸ್ಯಾಟಲೈಟ್‌ನಲ್ಲೋ ಹಾರ್ಡ್‌ಡಿಸ್ಕ್‌ನಲ್ಲೋ ಬರುತ್ತೆ, ತೆರೆಯೋಕೆ ಕೀ ಬೇರೆ ಬರುತ್ತೆ. ಕೆಡಿಎಂ ಅಂತಾರೆ. ಕೀ ಯಾವ ಟೈಮಿಂದ ಯಾವ ಟೈಮಿನ ತನಕ ಅಂತ ಅದರಲ್ಲೇ ಬರೆದಿರುತ್ತೆ. ಒಂದ್ಸಲ ಕೀ ಬರೋದು ತಡ ಆಗಿ ಬೆಳಗಿನ ಶೋಗೆ ಜನ ಗೇಟ್ ಹತ್ತಿದ್ರು.

ನನ್ನ ಕೋಪ ಏನಂದ್ರೆ, ಎಲ್ಲರ ಬಾಯಲ್ಲೂ ಒಂದೇ ಮಾತು: 'ನಾಲ್ಕು ವಾರ ಬಿಟ್ಟರೆ ಓಟಿಟಿಗೆ ಬರುತ್ತೆ, ಆಗ ನೋಡಿದ್ರಾಯ್ತು.' ಅಮೆರಿಕದಲ್ಲಿ ಈ ಗ್ಯಾಪು 90 ದಿನದ ಹತ್ತಿರ ಇತ್ತಂತೆ. 2020ರಲ್ಲಿ ಯೂನಿವರ್ಸಲ್‌ನೋರು ಅಲ್ಲಿನ ದೊಡ್ಡ ಥಿಯೇಟರ್ ಚೈನ್ ಎಎಂಸಿ ಜೊತೆ 17 ದಿನಕ್ಕೆ ಇಳಿಸ್ಕೊಂಡ್ರು. ವಾರ್ನರ್‌ನೋರು ಇನ್ನೂ ಮುಂದೆ ಹೋಗಿ 2021ರ ಇಡೀ ವರ್ಷದ ಸಿನಿಮಾನ ಥಿಯೇಟರ್‌ಗೂ ಆ್ಯಪ್‌ಗೂ ಅಮೆರಿಕದಲ್ಲಿ ಒಂದೇ ದಿನ ಬಿಟ್ರು. 2025ರಲ್ಲಿ ಅವರನ್ನೇ ಆ್ಯಪ್‌ನೋರು ಕೊಳ್ತೀವಿ ಅಂದ್ರು. ಮಾಡಿದ್ದುಣ್ಣೋ ಮಹರಾಯ.

ಕಾಮರ್ಸ್ ಮೇಷ್ಟ್ರು

ರಾಜು, ಕೋಪ ನ್ಯಾಯವಾದದ್ದೇ. ಲೆಕ್ಕದ ಕಡೆಯಿಂದ ಇನ್ನೊಂದು ಸೇರಿಸುತ್ತೇನೆ. ಮೊದಲು ಒಂದೇ ಸಿನಿಮಾವನ್ನು ಸ್ಟುಡಿಯೊ ಐದು ಸಲ ಮಾರುತ್ತಿತ್ತು: ಥಿಯೇಟರ್, ಡಿವಿಡಿ, ವಾರ್ನರ್‌ನವರ ಎಚ್‌ಬಿಒ ತರಹದ ಪೇ ಚಾನೆಲ್, ಮಾಮೂಲಿ ಕೇಬಲ್, ಕೊನೆಗೆ ಉಚಿತ ಟೀವಿ. ನೆಟ್‌ಫ್ಲಿಕ್ಸ್ ಬೆಳೆಯುವುದನ್ನು ಕಂಡು ಎಲ್ಲರೂ ಸ್ವಂತ ಆ್ಯಪ್ ತೆರೆದರು. ಡಿಸ್ನಿ ಪ್ಲಸ್ 2019ರ ನವೆಂಬರ್, ಎಚ್‌ಬಿಒ ಮ್ಯಾಕ್ಸ್ 2020ರ ಮೇ. ತೆರೆದ ಮೇಲೆ ತಮ್ಮ ಸರಕನ್ನು ಬೇರೆಯವರಿಗೆ ಮಾರುವುದನ್ನು ಕಡಿಮೆ ಮಾಡಿದರು, ನಮ್ಮ ಆ್ಯಪ್‌ನಲ್ಲಿ ಮಾತ್ರ ಇರಲಿ ಎಂದು. ಹೊರಗಿನ ದುಡ್ಡು ನಿಂತಿತು, ಒಳಗಿನ ಖರ್ಚು ಏರಿತು. 2022ರಲ್ಲಿ ಒಂದೇ ತ್ರೈಮಾಸಿಕದಲ್ಲಿ ಡಿಸ್ನಿಯ ಸ್ಟ್ರೀಮಿಂಗ್ ನಷ್ಟ 147 ಕೋಟಿ ಡಾಲರ್. ಆ ಲೆಕ್ಕ ಹೊರಬಿದ್ದು ತಿಂಗಳೊಳಗೆ ಮುಖ್ಯಸ್ಥರನ್ನು ಕಳಿಸಿ ಹಳೇ ಬಾಬ್ ಐಗರ್ ಅವರನ್ನು ವಾಪಸ್ ಕರೆದರು. ಲಾಭದ ಮುಖ ಕಂಡಿದ್ದು 2024ರ ಮಧ್ಯಭಾಗಕ್ಕೆ.

ಈಚೆಗೆ ಎಚ್‌ಬಿಒ ಸೀರೀಸ್‌ಗಳು ನೆಟ್‌ಫ್ಲಿಕ್ಸ್‌ನಲ್ಲೇ ಕಾಣತೊಡಗಿದ್ದು ಗಮನಿಸಿದ್ದೀರಾ? ದುಡ್ಡು ಬೇಕಾದಾಗ ಬಿಗುಮಾನ ಬಿಟ್ಟು ಮತ್ತೆ ಹೊರಗೆ ಮಾರಿದರು.

ಮೆಮು ಪಾಸ್

ಎಲ್ಲರೂ ದುಡ್ಡಿನ ಲೆಕ್ಕ ಹೇಳ್ತಿದೀರ, ನಾನು ಅದರ ಕೊನೇ ತುದಿಯಲ್ಲಿ ಕೂತಿದ್ದೋನು. ತುಮಕೂರಿಂದ ದಿನಾ ಟ್ರೈನ್‌ನಲ್ಲಿ ಬೆಂಗಳೂರಿಗೆ ಹೋಗಿ ವಿಎಫ್‌ಎಕ್ಸ್ ಕಂಪನಿಯೊಂದರಲ್ಲಿ ಕೆಲಸ ಮಾಡ್ತಿದ್ದೆ. ಕಂಪನಿ ಹೆಸರು ಬೇಡ.

ನಮ್ಮ ಕೆಲಸ ಏನು ಅಂದ್ರೆ, ಹಾಲಿವುಡ್‌ನಲ್ಲಿ ಶೂಟ್ ಆದ ದೃಶ್ಯ ತುಂಡುತುಂಡಾಗಿ ಇಲ್ಲಿಗೆ ಬರುತ್ತೆ. ಹೀರೊ ಸುತ್ತ ಗೆರೆ ಹಾಕಿ ಹಿನ್ನೆಲೆಯಿಂದ ಬಿಡಿಸೋದು ರೋಟೊ. ಹಗ್ಗ, ಮೈಕು, ಕ್ಯಾಮೆರಾ ನೆರಳು ಅಳಿಸೋದು ಪೇಂಟ್. ಒಂದು ಸೆಕೆಂಡಿಗೆ 24 ಫ್ರೇಮ್. ಕೂದಲು ಹಾರಾಡೋ ನಾಯಕಿ ಇದ್ದು, ಹಿಂದೆ ಗ್ರೀನ್ ಸ್ಕ್ರೀನ್ ಇಲ್ಲದಿದ್ರೆ ಆ ಒಂದೇ ಶಾಟ್ ವಾರಗಟ್ಟಲೆ ಕೂತು ತಿನ್ನುತ್ತೆ. ಥಿಯೇಟರ್‌ನಲ್ಲಿ ಅದು ಮೂರು ಸೆಕೆಂಡು.

ಕೋವಿಡ್ ಆದ ಮೇಲಿನ ಎರಡು ವರ್ಷ ಬಂಗಾರದ ಕಾಲ. ಎಲ್ಲಾ ಸ್ಟುಡಿಯೊಗಳೂ ಆ್ಯಪ್ ತುಂಬಿಸೋಕೆ ಸೀರೀಸ್ ಮೇಲೆ ಸೀರೀಸ್ ಮಾಡ್ತಿದ್ವು. 2022ರಲ್ಲಿ ಅಮೆರಿಕದಲ್ಲಿ ಬಂದ ಕಥಾ ಸೀರೀಸ್‌ಗಳೇ 599 ಅಂತ ಎಫ್‌ಎಕ್ಸ್ ಚಾನೆಲ್‌ನವರು ಲೆಕ್ಕ ಹಾಕಿದ್ರು. ಡಿಪ್ಲೊಮಾ ಮುಗಿಸಿದ ಹುಡುಗರನ್ನ ಕಾಲೇಜ್ ಗೇಟಿಂದಲೇ ಎತ್ಕೊಂಡ್ ಹೋಗ್ತಿದ್ರು. ಶಿರಾ, ಪಾವಗಡ, ಮಧುಗಿರಿ ಕಡೆ ಹುಡುಗರೂ ಬಂದಿದ್ರು.

ಅದೇ 2022ರ ಮೊದಲಾರ್ಧದಲ್ಲಿ ನೆಟ್‌ಫ್ಲಿಕ್ಸ್ ಸತತ ಎರಡು ತ್ರೈಮಾಸಿಕ ಚಂದಾದಾರರನ್ನ ಕಳ್ಕೊಂಡ್ತು. ಷೇರು ಬಿತ್ತು. ಅಲ್ಲಿಂದ ವಾಲ್ ಸ್ಟ್ರೀಟ್, ಅಂದ್ರೆ ಅಮೆರಿಕದ ಷೇರುಪೇಟೆಯವರ ಪ್ರಶ್ನೆ ಬದಲಾಯ್ತು: ಚಂದಾದಾರರು ಎಷ್ಟು ಅಂತ ಕೇಳ್ತಿದ್ದೋರು ಲಾಭ ಎಲ್ಲಿ ಅಂತ ಕೇಳೋಕೆ ಶುರುಮಾಡಿದ್ರು. ವಾರ್ನರ್‌ನೋರು ಬಹುತೇಕ ಮುಗಿದಿದ್ದ ಬ್ಯಾಟ್‌ಗರ್ಲ್ ಸಿನಿಮಾವನ್ನೇ ಬಿಡುಗಡೆ ಮಾಡಲ್ಲ ಅಂದ್ಬಿಟ್ರು. ಅದರಲ್ಲಿ ಕೆಲಸ ಮಾಡಿದೋರ ಹೊಟ್ಟೆ ಉರಿ ಹೇಗಿರಬೇಕು ಯೋಚಿಸಿ.

ಆಮೇಲೆ 2023ರ ಮುಷ್ಕರ. ಬರಹಗಾರರು ಮೇ 2ರಿಂದ 148 ದಿನ, ನಟರು ಜುಲೈ 14ರಿಂದ 118 ದಿನ. ಅವರ ಬೇಡಿಕೆ ತಪ್ಪು ಅನ್ನಲ್ಲ. ಟೀವಿಯಲ್ಲಿ ಮರುಪ್ರಸಾರ ಆದಾಗಲೆಲ್ಲ ಅವರಿಗೆ ರೆಸಿಡ್ಯುಯಲ್ ಅಂತ ಪಾಲು ಬರ್ತಿತ್ತು. ಆ್ಯಪ್‌ನಲ್ಲಿ ಮರುಪ್ರಸಾರ ಅನ್ನೋದೇ ಇಲ್ವಲ್ಲ, ಪಾಲು ಸೊರಗಿತು. ಆದ್ರೆ ಅಲ್ಲಿ ಶೂಟಿಂಗ್ ನಿಂತ್ರೆ ಕೆಲವು ತಿಂಗಳಾದ ಮೇಲೆ ಇಲ್ಲಿ ಕಂಪ್ಯೂಟರ್ ಖಾಲಿ. ಮೊದಲು ರಾತ್ರಿ ಶಿಫ್ಟ್ ತೆಗೆದ್ರು, ಆಮೇಲೆ ಕಾಂಟ್ರಾಕ್ಟ್ ಹುಡುಗರನ್ನ, ಆಮೇಲೆ ನಮ್ಮನ್ನ. 2025ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಅನ್ನೋ ದೊಡ್ಡ ಹೆಸರಿನ ವಿಎಫ್‌ಎಕ್ಸ್ ಕಂಪನಿಯೇ ಪ್ರಪಂಚದಾದ್ಯಂತ ಕುಸಿದು ಬಿತ್ತು. ಬೆಂಗಳೂರಲ್ಲೂ ಬಾಗಿಲು ಹಾಕ್ತು. ಸಾವಿರಾರು ಜನ ಒಂದೇ ಸಲ ಬೀದಿಗೆ ಬಂದು ಒಂದೇ ಕೆಲಸಕ್ಕೆ ಅರ್ಜಿ ಹಾಕಿದ್ರೆ ಸಂಬಳ ಯಾವ ಲೆಕ್ಕಕ್ಕೆ ಬರುತ್ತೆ ಹೇಳಿ.

ಅದಕ್ಕೆ ಈ ಖರೀದಿ ಸುದ್ದಿ ನನಗೆ ಮನರಂಜನೆ ಅಲ್ಲ. ಎರಡು ಸ್ಟುಡಿಯೊ ಒಂದಾದ್ರೆ ಕೆಲಸ ಕೊಡೋ ಕೈ ಒಂದು ಕಡಿಮೆ ಆಯ್ತು ಅಂತ ಅರ್ಥ.

ಸೀನ, ಎಸ್.ಎಸ್.ಪುರಂ

ಅಣ್ಣ, ಇದು ಗೊತ್ತೇ ಇರಲಿಲ್ಲ. ಈಗ ಏನ್ ಮಾಡ್ತಿದೀರ?

ಮೆಮು ಪಾಸ್

ಕನ್ನಡ, ತೆಲುಗು ಸಿನಿಮಾ ಕೆಲಸ ಬಿಡಿಬಿಡಿಯಾಗಿ ಸಿಗ್ತಿದೆ. ದುಡ್ಡು ತಡ, ಆದ್ರೆ ಕ್ರೆಡಿಟ್‌ನಲ್ಲಿ ಹೆಸರು ಬರುತ್ತೆ.

ಗುಬ್ಬಿ ಸೊಸೆ

ಇಷ್ಟು ಹೊತ್ತು ಓದ್ತಾ ಇದ್ದೆ. ಗಂಡಸರು ಹಾಲಿವುಡ್‌ನಲ್ಲೇ ಸುತ್ತಾಡ್ತಿದೀರ, ನಮ್ಮ ಜಿಲ್ಲೆಯಲ್ಲೇ ಇದು ಒಂದ್ಸಲ ಆಗಿ ಹೋಗಿದೆ. 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿ. ಪರದೆ, ಸೀನರಿ, ದೀಪ, ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆ ಕುದುರೆ. ಆ ಕಾಲಕ್ಕೆ ಇದು ಸ್ಟುಡಿಯೊ ಅಲ್ಲದೆ ಮತ್ತೇನು? ಸಿನಿಮಾ ಬಂದಾಗ ವೀರಣ್ಣನವರು ಬೈಕೊಂಡು ಕೂರಲಿಲ್ಲ. ಸಿನಿಮಾ ನಿರ್ಮಾಣಕ್ಕೂ ಇಳಿದರು, ಥಿಯೇಟರನ್ನೂ ನಡೆಸಿದರು. 1954ರ ಬೇಡರ ಕಣ್ಣಪ್ಪ ಅವರ ಗುಬ್ಬಿ ಕರ್ನಾಟಕ ಪ್ರೊಡಕ್ಷನ್ಸ್ ಮತ್ತು ಮದ್ರಾಸಿನ ಎವಿಎಂ ಕೂಡಿ ಮಾಡಿದ್ದು. ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ.ಅಯ್ಯರ್ ಎಲ್ಲರೂ ಆ ಕಂಪನಿ ಅನ್ನ ಉಂಡವರೇ. ನಾಟಕದ ದುಡ್ಡು ಸಿನಿಮಾಗೆ ಹೋಯ್ತು, ಕಲಾವಿದರೂ ಅಲ್ಲಿಗೇ ಹೋದರು, ಕಂಪನಿ ಬಡವಾಯ್ತು.

ಆದ್ರೆ ಒಂದು ವ್ಯತ್ಯಾಸ ಇದೆ. ಸಿನಿಮಾದಲ್ಲಿ ಟಿಕೆಟ್ ದುಡ್ಡು ಎಷ್ಟು ಬಂತು ಅಂತ ನಟನಿಗೂ ಗೊತ್ತಾಗ್ತಿತ್ತು, ಹಂಚಿಕೆದಾರನಿಗೂ ಗೊತ್ತಾಗ್ತಿತ್ತು. ಆ್ಯಪ್‌ನಲ್ಲಿ ಎಷ್ಟು ಜನ ನೋಡಿದ್ರು ಅನ್ನೋದು ಆ್ಯಪ್‌ನವರ ಜೇಬಲ್ಲೇ ಇರುತ್ತೆ. ಮಾಡೋರೂ ಅವರೇ, ತೋರ್ಸೋರೂ ಅವರೇ, ಲೆಕ್ಕ ಹೇಳೋರೂ ಅವರೇ. 1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಸ್ಟುಡಿಯೊಗಳ ವಿರುದ್ಧ ಕೊಟ್ಟ ತೀರ್ಪಿನಿಂದ ಅವರು ಥಿಯೇಟರ್‌ಗಳನ್ನ ಮಾರಬೇಕಾಯ್ತು, ಇದೇ ಕಾರಣಕ್ಕೆ. ಆ ನಿರ್ಬಂಧವನ್ನ 2020ರಲ್ಲಿ ತೆಗೆದರು. 2024ರಲ್ಲಿ ಸೋನಿ ಒಂದು ಥಿಯೇಟರ್ ಚೈನ್ ಕೊಂಡೂ ಆಯ್ತು.

ಇನ್ನು ನಮ್ಮನೆ ಟೀವಿ ವಿಚಾರ. ಅತ್ತೆ ಒಂದು ಹೊತ್ತಿಗೆ ಕಲರ್ಸ್ ಕನ್ನಡ, ಇನ್ನೊಂದು ಹೊತ್ತಿಗೆ ಸ್ಟಾರ್ ಸುವರ್ಣ. ಎರಡೂ ಈಗ ಒಂದೇ ಮನೆಯವು ಅಂದ್ರೆ ಅವರು ನಂಬಲ್ಲ. ಇದರ ಬೇರು ಎಲ್ಲಿದೆ ನೋಡಿ: ಫಾಕ್ಸ್ ಒಡೆಯ ಮರ್ಡೋಕ್ 2019ರಲ್ಲಿ ಅದರ ಬಹುಪಾಲನ್ನು 7,130 ಕೋಟಿ ಡಾಲರ್‌ಗೆ ಡಿಸ್ನಿಗೆ ಮಾರಿದ್ರು, ಸ್ಟ್ರೀಮಿಂಗ್ ಯುದ್ಧಕ್ಕೆ ಡಿಸ್ನಿಗೆ ಸರಕು ಬೇಕಿತ್ತು. ಅದರ ಜೊತೆ ಸ್ಟಾರ್ ಇಂಡಿಯಾ ಬಂತು. 2022ರಲ್ಲಿ ಐಪಿಎಲ್‌ನ ಡಿಜಿಟಲ್ ಹಕ್ಕು 23,758 ಕೋಟಿ ರೂಪಾಯಿಗೆ ರಿಲಯನ್ಸ್ ಕಡೆಯ ವಯಾಕಾಮ್18 ಪಾಲಾಯ್ತು, ಕಲರ್ಸ್ ಕನ್ನಡವೂ ಅವರದ್ದೇ, ಡಿಸ್ನಿ ಹತ್ತಿರ ಟೀವಿ ಹಕ್ಕು ಉಳೀತು. ಮುಂದಿನ ಬೇಸಿಗೆಗೆ ಅವರ ಜಿಯೊಸಿನಿಮಾ ಆ್ಯಪ್ ಪುಕ್ಕಟೆ ತೋರಿಸ್ತು. 2024ರ ನವೆಂಬರ್‌ಗೆ ಸ್ಟಾರ್, ವಯಾಕಾಮ್18 ಎರಡೂ ಒಂದಾಗಿ, ಹಿಡಿತ ರಿಲಯನ್ಸ್‌ಗೆ, ಡಿಸ್ನಿಗೆ ಶೇ. 36.84 ಪಾಲು. ಕ್ಯಾಲಿಫೋರ್ನಿಯಾದ ಲೆಕ್ಕಾಚಾರ ಗುಬ್ಬಿಯ ಪಡಸಾಲೆಗೆ ಹೀಗೆ ಬಂತು.

ಕೇಬಲ್ ಬಾಬಣ್ಣ

ಅಕ್ಕ, ಆ ಪುಕ್ಕಟೆ ಐಪಿಎಲ್ ನಮ್ಮ ಬೆನ್ನುಮೂಳೆ ಮುರೀತು. ಸ್ಪೋರ್ಟ್ಸ್ ಪ್ಯಾಕ್ ತೆಗೀರಿ ಅಂತ ಸಾಲುಸಾಲಾಗಿ ಫೋನು. ಮ್ಯಾಚ್ ಮುಗಿದ ಮೇಲೂ ಯಾರೂ ವಾಪಸ್ ಹಾಕಿಸ್ಕೊಳ್ಳಲಿಲ್ಲ.

ಬಾಲ್ಕನಿ ರಾಜು

ಗುಬ್ಬಿ ಅಕ್ಕ ಹೇಳಿದ್ದು ಸರಿ. ಆದ್ರೆ ಕನ್ನಡ ಸಿನಿಮಾ ಗತಿ ಏನು? 2020ರ ಜುಲೈನಲ್ಲಿ ಲಾ ಅನ್ನೋ ಸಿನಿಮಾ ಥಿಯೇಟರ್ ಮುಟ್ಟದೆ ನೇರ ಅಮೆಜಾನ್ ಪ್ರೈಮ್‌ಗೆ ಹೋದಾಗ, ಇನ್ಮೇಲೆ ಸಣ್ಣ ನಿರ್ಮಾಪಕರ ಕಷ್ಟ ತೀರಿತು ಅಂದಿದ್ರು. ಈಗ ಓಟಿಟಿಯವರು ಕನ್ನಡ ಅಂದ್ರೆ ಮುಖ ತಿರುಗಿಸ್ತಾರೆ, ಮೊದಲು ಥಿಯೇಟರ್‌ನಲ್ಲಿ ಓಡಿಸಿ ತೋರಿಸಿ ಅಂತಾರೆ.

ಗುಬ್ಬಿ ಸೊಸೆ

ನಿಜ. ರಕ್ಷಿತ್ ಶೆಟ್ಟಿಯಂಥವರೇ ಏಕಂ ಸೀರೀಸ್ ಮಾಡಿಸಿ, ಕೊಳ್ಳೋರಿಲ್ಲದೆ 2024ರಲ್ಲಿ ಸ್ವಂತ ವೆಬ್‌ಸೈಟ್‌ನಲ್ಲಿ ಹಾಕಿದ್ರು. ಅವರ ಕಥೆಯೇ ಹಾಗಾದ್ರೆ ಹೊಸಬರ ಪಾಡು ಕೇಳಬೇಡಿ. ದುಡ್ಡು ಚೆಲ್ಲಾಡುವಾಗ ಎಲ್ಲಾ ಭಾಷೆಗೂ ಸ್ವಲ್ಪ ಸಿಡೀತಿತ್ತು, ಬಿಗಿ ಮಾಡಿದ ಕೂಡಲೆ ಮೊದಲು ಕತ್ತರಿ ಬಿದ್ದಿದ್ದು ನಮ್ಮಂಥ ಭಾಷೆಗೆ. ಸರ್ಕಾರ 2025ರ ಬಜೆಟ್‌ನಲ್ಲಿ ರಾಜ್ಯದ್ದೇ ಓಟಿಟಿ ಮಾಡ್ತೀವಿ ಅಂದಿದೆ. ಕೇರಳದವರು 2024ರ ಮಾರ್ಚ್‌ನಲ್ಲೇ ಸಿ-ಸ್ಪೇಸ್ ಅಂತ ಶುರುಮಾಡಿದ್ರು, ನೋಡಿದ ಸಿನಿಮಾಗೆ ಮಾತ್ರ ದುಡ್ಡು. ನಮ್ಮವರೂ ಹಾಗೇ ಮಾಡಲಿ, ಎಷ್ಟು ಜನ ನೋಡಿದ್ರು ಅಂತ ನಿರ್ಮಾಪಕನಿಗೆ ಕಾಣೋ ಹಾಗಿರಲಿ. ಅದೊಂದಿದ್ರೆ ನಾನು ಮೊದಲ ಚಂದಾದಾರಳು.

ವಿನಯ್_ಕ್ಯಾತ್ಸಂದ್ರ

ಸರ್ಕಾರದ ಆ್ಯಪ್‌ನಲ್ಲಿ ಓಟಿಪಿ ಬರೋ ಹೊತ್ತಿಗೆ ಇಂಟರ್ವಲ್ ಆಗಿರುತ್ತೆ. ಅದಿರಲಿ, ಸರ್ಕಾರ ಹಾಕಿದ 200 ರೂಪಾಯಿ ಸಿನಿಮಾ ಟಿಕೆಟ್ ಮಿತಿ ಏನಾಯ್ತು?

ಬಾಲ್ಕನಿ ರಾಜು

2025ರ ಸೆಪ್ಟೆಂಬರ್‌ನಲ್ಲಿ ಆದೇಶ ಬಂತು, ಅದೇ ತಿಂಗಳು ಹೈಕೋರ್ಟ್ ತಡೆ ಕೊಡ್ತು. ನಮ್ಮೂರ ಸಿಂಗಲ್ ಸ್ಕ್ರೀನ್‌ಗೆ ಅದರಿಂದ ಲಾಭವೂ ಇಲ್ಲ ನಷ್ಟವೂ ಇಲ್ಲ, ನಮ್ಮ ಬಾಲ್ಕನಿ ಟಿಕೆಟ್ಟೇ ಅಷ್ಟಿಲ್ಲ. ಅದು ಬೆಂಗಳೂರು ಮಾಲ್‌ನವರ ಜಗಳ.

ಸೀನ, ಎಸ್.ಎಸ್.ಪುರಂ

ಮೇಷ್ಟ್ರೇ, ಕೊನೇದಾಗಿ ಒಂದು. ಟೀವಿ ಪೂರ್ತಿ ಹೋಯ್ತು ಅಂತ ಅಂದ್ಕೊಳ್ಳಬಹುದಾ?

ಕಾಮರ್ಸ್ ಮೇಷ್ಟ್ರು

ಇಲ್ಲ. 2025ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಟೀವಿ ಪರದೆಯ ಮುಂದೆ ಜನ ಕಳೆದ ಸಮಯದಲ್ಲಿ ಸ್ಟ್ರೀಮಿಂಗ್ ಪಾಲು ಶೇ. 44.8 ಎಂದು ವೀಕ್ಷಣೆ ಅಳೆಯುವ ನೀಲ್ಸನ್ ಕಂಪನಿ ಹೇಳಿತು. ಕೇಬಲ್ 24.1, ಆಂಟೆನಾದ ಚಾನೆಲ್‌ಗಳು 20.1. ಎರಡನ್ನೂ ಕೂಡಿದರೆ 44.2, ಸ್ಟ್ರೀಮಿಂಗ್ ಮೊದಲ ಸಲ ಅದನ್ನು ದಾಟಿತು. ದಾಟಿದ್ದು ಕೂದಲೆಳೆಯಷ್ಟೇ. ಮತ್ತು ಆ 44.8ರಲ್ಲಿ ಎಲ್ಲರಿಗಿಂತ ದೊಡ್ಡ ತುಂಡು ನೆಟ್‌ಫ್ಲಿಕ್ಸ್‌ನದ್ದಲ್ಲ, ಯೂಟ್ಯೂಬ್‌ನದ್ದು. ಸ್ಟುಡಿಯೊಗಳು ಒಂದನ್ನೊಂದು ನುಂಗಲು ಹೊರಟಿರುವುದರ ಹಿಂದೆ ಆ ಭಯವೂ ಇದೆ. ಒಂದು ರೂಪಾಯಿ ಸ್ಟುಡಿಯೊ ಖರ್ಚಿಲ್ಲದೆ ಕೋಣೆಯಲ್ಲಿ ಕೂತು ವಿಡಿಯೊ ಮಾಡುವವರ ಜೊತೆ ಪೈಪೋಟಿ.

ಮೆಮು ಪಾಸ್

ಬಾಬಣ್ಣ, ಮನೆಯಿಂದಲೇ ಕೆಲಸ ಮಾಡೋಕೆ ದಪ್ಪ ದಪ್ಪ ಫೈಲ್ ಕಳಿಸಬೇಕು. ಹೆಗ್ಗೆರೆ ಕಡೆ ನಿಮ್ಮ ಲೈನ್ ಇದೆಯಾ? ಅಪ್‌ಲೋಡ್ ಸ್ಪೀಡ್ ಚೆನ್ನಾಗಿರಬೇಕು.

ಕೇಬಲ್ ಬಾಬಣ್ಣ

ಹೆಗ್ಗೆರೆ ನನ್ನ ಏರಿಯಾ ಅಲ್ಲ ತಮ್ಮ, ಅಲ್ಲಿ ನನ್ನ ಗೆಳೆಯನ ಲೈನ್ ಇದೆ. ನಂಬರ್ ಇಲ್ಲಿ ಹಾಕಲ್ಲ, ಮೆಸೇಜ್ ಮಾಡು ಕಳಿಸ್ತೀನಿ. ಅಪ್ಪು ಡೌನು ಎರಡೂ ಒಂದೇ ಸ್ಪೀಡ್ ಇರೋ ಪ್ಲಾನ್ ಕೇಳು. ಬಾಬಣ್ಣ ಕಳಿಸಿದ್ದು ಅಂತ ಹೇಳು, ಇನ್‌ಸ್ಟಾಲೇಷನ್ ಚಾರ್ಜ್ ಬಿಡ್ತಾನೆ. ಕಂಬ ದೂರ ಇದ್ರೆ ವೈರ್ ದುಡ್ಡು ಮಾತ್ರ ಕೇಳ್ತಾನೆ, ಅದಕ್ಕೆ ಚೌಕಾಸಿ ಮಾಡ್ಬೇಡ.